ಅರ್ಧ ಇಂಚು

ದುರ್ಗಿಗುಡಿಯ ನಮ್ಮ ಅಂಗಡಿಗೆ ಬರುವವರೆಲ್ಲ
ಮುಖವಿರುವುದನ್ನೇ ತರುತ್ತಾರೆ, ಕಟ್ಟು ಹಾಕಿಸಲು:
ದೇವರು, ಮದುವೆ ಜೋಡಿ, ನಿವೃತ್ತಿಯ ಹಾರದ ಹೆಡ್‌ಮಾಸ್ತರು,
ಹೋದ ವಾರ ತೀರಿಕೊಂಡ ಯಾರೋ,
ಆಧಾರ್ ಕಾರ್ಡಿನಿಂದ ದೊಡ್ಡದು ಮಾಡಿಸಿದ್ದು, ಕಣ್ಣು ಬೆಚ್ಚಿದ್ದು.

ಇದಕ್ಕೆ ಮುಖವಿರಲಿಲ್ಲ.
ಇತ್ತು, ನಮಗೆ ತೋರಿಸಿರಲಿಲ್ಲ.
ಕುರ್ಚಿಯಲ್ಲಿ ಬೆನ್ನು ಹಾಕಿ ಕೂತ ಹೆಂಗಸು.
ಬೆನ್ನು ನೀಲಿ. ಜಡೆ ಇಟ್ಟಿಗೆ ಬಣ್ಣ.
ಎಡಗಾಲಿಗೆ ಹವಾಯಿ ಚಪ್ಪಲಿ, ಬಲಗಾಲು ಬರಿದು.
ಪಕ್ಕದಲ್ಲಿ ಹಳದಿ ಬಕೆಟ್ಟು,
ಅದಕ್ಕೆ ಮಾತ್ರ ನೆರಳಿದೆ.

ಡಾಕ್ಟರ್ ವತ್ಸಲಾ ಕಾಮತರು
ಹಳೇ ಕ್ಯಾಲೆಂಡರಿನಲ್ಲಿ ಸುರುಳಿ ಸುತ್ತಿ ತಂದಿದ್ದರು.
ಭದ್ರಾವತಿಯ ಹುಡುಗಿ ಬರೆದದ್ದಂತೆ, ರಮೀಜಾ.
ಕ್ಲಿನಿಕ್ಕಿನ ಬೆಂಚಿನ ಎದುರಿಗೆ,
ಕರೀ ಪಟ್ಟಿ, ಒಳಗೆ ಬಿಳಿ ಮೌಂಟು, ಸೋಮವಾರದೊಳಗೆ.

ಮೂರು ದಿನ ಹಲಗೆಗೆ ಕ್ಲಿಪ್ಪು ಹಾಕಿಸಿಕೊಂಡು ಕೂತಳು.
ಟೀ ತರುವ ಜಬಿ ಹೇಳಿದ, "ಪಾಪ, ನಲ್ಲಿ ನೀರು ಬಂದಿಲ್ಲ."
ಎದುರಿನ ನೋಟರಿ ಶೇಷಗಿರಿಯಪ್ಪನವರು ಕನ್ನಡಕ ಏರಿಸಿ
"ನೀಲಿ ಅಂದರೆ ವಿಷಾದ, ಒಂಟಿ ಚಪ್ಪಲಿ ಅಂದರೆ ವೈಧವ್ಯ,
ಎಲ್ಲಾ ಸಂಕೇತ ಕಣಯ್ಯಾ" ಅಂದರು,
ಅದಕ್ಕೂ ಒಂದು ಸೀಲು ಒತ್ತಿದ ಹಾಗೆ.
ಅತ್ತೆಯ ಫೋಟೋ ಒಯ್ಯಲು ಬಂದ ಹೊಳೆಹೊನ್ನೂರಿನ ಗಂಗಮಾಳವ್ವ
ಬಹಳ ಹೊತ್ತು ನೋಡಿ
"ಏನಿಲ್ಲ ಬಿಡಪ್ಪ, ಸುಮ್ನೆ ಕುಂತವ್ಳೆ" ಎಂದು
ಚಿಲ್ಲರೆ ಎಣಿಸಿಕೊಂಡು ಹೋದಳು.

ಸುಮ್ಮನೆ.
ಆ ರಾತ್ರಿ ಗಾಂಧಿಬಜಾರು ದಾಟುವಾಗ
ಸೈಕಲ್ಲಿನ ಹಿಂದೆಯೇ ಬಂತು ಆ ಮಾತು.
ಸುಮ್ಮನೆ ಅಂದರೆ ಕಾರಣವಿಲ್ಲದೆ.
ಸುಮ್ಮನೆ ಅಂದರೆ ಬಾಯಿ ಮುಚ್ಚಿಕೊಂಡು.
ಸುಮ್ಮನೆ ಅಂದರೆ, ಯಾಕೇ ಬಂದೆ ಅಂತ ಅಮ್ಮ ಕೇಳಿದಾಗ
ಹೊಸ್ತಿಲಲ್ಲಿ ನಿಂತು, ಬ್ಯಾಗು ಇಳಿಸದೆ, ನನ್ನ ಅಕ್ಕ:
"ಸುಮ್ಮನೆ."
ಅವತ್ತು ನಾನು ಮೊದಲನೇ ಅರ್ಥ ಹಿಡಿದುಕೊಂಡು
ಒಳಗೆ ಹೋಗಿ ಟೀವಿ ಹಾಕಿದ್ದೆ.

ಭಾನುವಾರ, ಅರ್ಧ ಶಟರ್ ಎಳೆದು ಕೂತೆ.
ಮೌಂಟು ಅಂದರೆ ನಾಲ್ಕೂ ಕಡೆ ಅರ್ಧ ಇಂಚು ನುಂಗಬೇಕು, ಹಿಡಿತಕ್ಕೆ.
ಇಪ್ಪತ್ತೊಂದು ವರ್ಷದಲ್ಲಿ ಏನೇನೋ ನುಂಗಿಸಿದ್ದೇನೆ:
ಗುಂಪಿನ ಕೊನೆಯವನ ಭುಜ, ತಾರೀಖು, ಸಹಿ,
ಬೇಡವಾದ ಭಾವಮೈದುನ ಇಡಿಯಾಗಿ, ಅದು ಹೇಳಿ ಮಾಡಿಸಿದ್ದು.
ಟ್ಯೂಬ್‌ಲೈಟಿನ ಕೆಳಗೆ ಹಾಳೆ ಓರೆ ಮಾಡಿದರೆ
ಬಲ ಅಂಚಿನಲ್ಲಿ, ಸ್ಕೇಲಿಗೆ ತಾಗಿ,
ನಾಲ್ಕು ಉಗುರು. ಅಕ್ಕಿಕಾಳಿನಷ್ಟು.
ಯಾರದೋ ಕೈ ಹಾಳೆಯ ಹೊರಗಿಂದ ಬಂದು
ಕುರ್ಚಿ ಮುಟ್ಟುವ ಮೊದಲೇ ನಿಂತಿದೆ.

ಎಳೆಯಲು ಬಂದ ಕೈಯೋ
ಕಳೆದ ಚಪ್ಪಲಿ ಹುಡುಕಿ ತಂದದ್ದೋ
ಉಗುರಿನ ಮೇಲೆ ಬರೆದಿಲ್ಲ.
ಮುಚ್ಚಿದರೆ ಅವಳು ಒಂಟಿ.
ಬಿಟ್ಟರೆ ಏನೋ, ನನಗೆ ಗೊತ್ತಾಗಲಿಲ್ಲ.
ಬ್ಲೇಡು ಕೆಳಗಿಟ್ಟು ಟೀ ಕುಡಿದೆ. ಆರಿತ್ತು.

ಫೋನು ಮಾಡಿದೆ. ಡಾಕ್ಟರು "ಉಗುರಾ? ಯಾವ ಉಗುರು?" ಎಂದು
ಹುಡುಗಿಯ ನಂಬರು ಕೊಟ್ಟರು.
ಅವಳು ಬಸ್ಸಿನಲ್ಲಿದ್ದಳು, ಹಿಂದೆ ಕಂಡಕ್ಟರು
ಮಾಚೇನಹಳ್ಳಿ ಮಾಚೇನಹಳ್ಳಿ ಎಂದು ಕೂಗುತ್ತಿದ್ದ.
ಆ ಕೈ ಯಾರದಮ್ಮ?
ಸ್ವಲ್ಪ ಹೊತ್ತು ಬರೀ ಇಂಜಿನ್ನು.
"ಕಾಣಿಸ್ತಾ ನಿಮಗೆ?" ಅಂದಳು.
ಅಷ್ಟೇ. ಲೈನು ಹೋಯಿತು.

ಮೌಂಟು ಹಾಕಲಿಲ್ಲ. ಗಾಜಿಗೂ ಹಾಳೆಗೂ ನಡುವೆ ಸಣ್ಣ ಪಟ್ಟಿ ಕೊಟ್ಟು
ಅಂಚು ಪೂರ್ತಿ ಕಾಣುವಂತೆ ಕೂರಿಸಿದೆ.
ಇನ್ನೂರೈವತ್ತು ಹೆಚ್ಚಾಯಿತು, ಬಿಲ್ಲಿಗೆ ಹತ್ತಿಸಲಿಲ್ಲ.

ಮೊನ್ನೆ ಕೆಮ್ಮಿಗೆಂದು ಕ್ಲಿನಿಕ್ಕಿಗೆ ಹೋದೆ. ಟೋಕನ್ ಹದಿನೇಳು.
ಬೆಂಚಿನವರೆಲ್ಲ ಮೊಬೈಲು ನೋಡುತ್ತಿದ್ದರು.
ಒಬ್ಬಳು ಮಾತ್ರ ಎದ್ದು ಹೋಗಿ,
ಗಾಜಿಗೆ ಹಣೆ ತಾಗುವಷ್ಟು ಹತ್ತಿರ,
ಬಲ ಅಂಚಿನಲ್ಲಿ ನಿಂತಿದ್ದಳು.
ಹದಿಮೂರು, ಹದಿಮೂರು ಯಾರ್ರೀ ಎಂದು
ನರ್ಸು ಎರಡು ಸಲ ಕೂಗಿದಳು.